ಪಾರದರ್ಶಕ ಎಂದರೆ ಏನು ಕಾಣಬೇಕು?

ನಾನು ಸರ್ಕಾರಿ ಕಚೇರಿಯೊಂದರ ಭಾಷಾಂತರ ಶಾಖೆಯಲ್ಲಿ ಮೂವತ್ತೇಳು ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಆ ಶಾಖೆಗೆ ಈಚೆಗೆ ಸೇರಿದ ರಕ್ಷಿತಾ ಎಂಬ ಹುಡುಗಿ ಹೋದ ತಿಂಗಳು ಗವಿಪುರಂನ ನಮ್ಮ ಮನೆ ಹುಡುಕಿಕೊಂಡು ಬಂದಿದ್ದಳು. ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ, ಬಂದ ವಿಷಯ ಹೇಳಿದಳು.

"ಮೇಡಂ, ಈಗ ಮೊಬೈಲಲ್ಲಿ ಹಾಕಿದ್ರೆ ಕನ್ನಡ ತಾನೇ ಬಂದ್ಬಿಡುತ್ತೆ. ನಾನು ಅಲ್ಲಿ ಕೂತ್ಕೊಂಡು ಏನ್ ಮಾಡ್ಲಿ?"

ಆವತ್ತು ನನಗೆ ಸರಿಯಾದ ಉತ್ತರ ತೋಚಲಿಲ್ಲ. ಅವಳು ಹೋದ ಮೇಲೆ ಎರಡು ದಿನ ಯೋಚಿಸಿದೆ. ನನ್ನ ಕೆಲಸವನ್ನೆಲ್ಲ ಹೇಳುತ್ತ ಕೂತರೆ ಅವಳಿಗೂ ಬೇಸರ, ನನಗೂ ಬೇಸರ. ಬಡ್ತಿ ಯಾವಾಗ ಬಂತು, ಯಾರು ಹಾರ ಹಾಕಿದರು ಎಂಬುದೆಲ್ಲ ಸೇವಾ ಪುಸ್ತಕದಲ್ಲಿದೆ, ಅದನ್ನು ಅಲ್ಲೇ ಬಿಡೋಣ. ನನ್ನನ್ನು ಸೇವೆಯ ಉದ್ದಕ್ಕೂ ಕಾಡಿದ ಒಂದು ಪದವಿದೆ, ಅದರ ಬಗ್ಗೆ ಬರೆಯುತ್ತೇನೆ. ಆ ಪದ 'ಪಾರದರ್ಶಕ'. ಇಂಗ್ಲಿಷಿನ ಟ್ರಾನ್ಸ್‌ಪರೆಂಟ್ ಎಂಬ ಮಾತಿಗೆ ನಾವು ಕಣ್ಣು ಮುಚ್ಚಿ ಬರೆಯುವ ಪದ. ಐದು ಸಲ ಅದು ನನ್ನನ್ನು ಬೇರೆ ಬೇರೆ ದಾರಿಗೆ ಕರೆದುಕೊಂಡು ಹೋಯಿತು. ಮೂರು ಸಲ ದಾರಿ ತಪ್ಪಿಸಿದವಳು ನಾನೇ.

ನಮ್ಮಪ್ಪ ಬಿನ್ನಿಪೇಟೆಯಲ್ಲಿ ಗಿರಣಿ ಕೆಲಸಕ್ಕೆ ಹೋಗುತ್ತಿದ್ದರು. ಗೇಟಿನ ಮೇಲೆ ಇಂಗ್ಲಿಷಿನಲ್ಲಿ ನೋಟಿಸು ಅಂಟಿಸಿದ ದಿನ ಸಂಜೆ ಅಪ್ಪ ನನ್ನ ಕೈ ಹಿಡಿದು ಅಲ್ಲಿಗೆ ಕರೆದುಕೊಂಡು ಹೋಗುವರು. ಹೈಸ್ಕೂಲಿನ ಹುಡುಗಿ ನಾನು, ಓದಿ ಕನ್ನಡದಲ್ಲಿ ಹೇಳಬೇಕು. ಸುತ್ತ ಇಪ್ಪತ್ತು ಮೂವತ್ತು ಜನ ನಿಂತು ಕೇಳುವರು. ಅರ್ಧ ಪದ ನನಗೇ ತಿಳಿಯುತ್ತಿರಲಿಲ್ಲ. ತಿಳಿಯದ ಕಡೆ ಧೈರ್ಯವಾಗಿ ಏನೋ ಒಂದು ಹೇಳಿಬಿಡುತ್ತಿದ್ದೆ. ಈ ಧೈರ್ಯವನ್ನೇ ಕಚೇರಿಗೂ ತೆಗೆದುಕೊಂಡು ಹೋದೆ. ಅದರ ಫಲ ಮೊದಲನೇ ವರ್ಷವೇ ಕಂಡಿತು.

ನಮ್ಮ ಶಾಖೆ ಚಾಮರಾಜಪೇಟೆಯ ಒಂದು ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿತ್ತು. ಶಾಖೆಯ ಮುಖ್ಯಸ್ಥರು ನಂಜುಂಡಯ್ಯನವರು. ಸಣ್ಣ ಆಳು, ಮೆತ್ತಗಿನ ದನಿ. ತಪ್ಪು ಕಂಡರೆ ಬೈಯುತ್ತಿರಲಿಲ್ಲ. "ಇದು ಏನು ಅಂತ ನನಗೆ ತೋರಿಸಮ್ಮ" ಎನ್ನುತ್ತಿದ್ದರು. ಬೈದಿದ್ದರೆ ಎಷ್ಟೋ ಸುಲಭವಾಗಿರುತ್ತಿತ್ತು.

ನಾನು ಸೇರಿದ ಹೊಸದರಲ್ಲಿ, ಒಂದು ಹೆರಿಗೆ ಆಸ್ಪತ್ರೆಗೆ ಹೊಸ ಕಟ್ಟಡ ಕಟ್ಟುವ ಕಾಮಗಾರಿಯ ವಿವರ ನಮ್ಮಲ್ಲಿಗೆ ಬಂತು. ಇಂಗ್ಲಿಷಿನಲ್ಲಿದ್ದುದನ್ನು ಕನ್ನಡಕ್ಕೆ ಮಾಡಬೇಕು, ಗುತ್ತಿಗೆದಾರರು ಓದಿಕೊಳ್ಳುವುದಕ್ಕೆ. ಇಟ್ಟಿಗೆ, ಗಾರೆ, ಕೊಳಾಯಿ ಎಲ್ಲ ಸರಾಗವಾಗಿ ಮುಗಿಯಿತು. ಕಿಟಕಿಗಳ ಭಾಗದಲ್ಲಿ ಎರಡು ಇಂಗ್ಲಿಷ್ ಪದಗಳಿದ್ದವು. ವಾರ್ಡಿನ ಕಿಟಕಿಗೆ ಟ್ರಾನ್ಸ್‌ಪರೆಂಟ್ ಗಾಜು, ಬಚ್ಚಲಿನ ಕಿಟಕಿಗೆ ಟ್ರಾನ್ಸ್‌ಲ್ಯೂಸೆಂಟ್ ಗಾಜು. ಎರಡಕ್ಕೂ ನಿಘಂಟಿನಲ್ಲಿ ಉದ್ದುದ್ದ ಪದಗಳು. ಎರಡನೆಯದಕ್ಕೆ ಕೊಟ್ಟಿದ್ದ ಪದ ಗುತ್ತಿಗೆದಾರರಿಗೆ ಅರ್ಥವಾಗುವುದಿಲ್ಲ ಎಂದು ನನಗೆ ನಾನೇ ತೀರ್ಮಾನಿಸಿದೆ. ಎರಡೂ ಬೆಳಕು ಬಿಡುವ ಗಾಜೇ ತಾನೆ, ಯಾಕೆ ಗೊಂದಲ ಎಂದು ಎರಡು ಕಡೆಯೂ 'ಪಾರದರ್ಶಕ ಗಾಜು' ಎಂದು ಬರೆದೆ. ಸರಳ ಮಾಡಿದೆನೆಂದು ಹೆಮ್ಮೆಯೂ ಆಯಿತು.

ಕಟ್ಟಡ ಮುಗಿದು ಆಸ್ಪತ್ರೆ ಶುರುವಾದ ಎರಡನೇ ವಾರ ನಂಜುಂಡಯ್ಯನವರ ಮೇಜಿನ ಮೇಲೆ ಒಂದು ದೂರು ಪತ್ರ ಬಂತು. ಅವರು ಅದನ್ನು ಓದಿ, ಮಡಿಸಿ ಜೇಬಿಗೆ ಹಾಕಿಕೊಂಡು, "ನಡಿಯಮ್ಮ ಸುಜಾತ, ಒಂದು ಕಡೆ ಹೋಗಿ ಬರೋಣ" ಎಂದರು. ಇಬ್ಬರೂ ಬಸ್ಸು ಹತ್ತಿದೆವು.

ಆಸ್ಪತ್ರೆಯ ವಾರ್ಡಿನ ಕೊನೆಯಲ್ಲಿ ಸಾಲಾಗಿ ಐದು ಬಚ್ಚಲು. ಕಿಟಕಿಗಳು ಹಿಂದಿನ ಓಣಿಯ ಕಡೆಗೆ. ಓಣಿಯ ಆಚೆ ಒಂದು ಗೋದಾಮು, ಅದರ ಮಹಡಿಯ ಮೇಲೆ ಮೂಟೆ ಇಳಿಸುವ ಗಂಡಸರು. ಬಚ್ಚಲಿನ ಕಿಟಕಿಯಿಂದ ಅವರ ಮುಖ, ಅವರ ಬೀಡಿ, ಶರ್ಟಿನ ಗುಂಡಿ ಎಲ್ಲ ನನಗೆ ನಿಚ್ಚಳವಾಗಿ ಕಂಡಿತು. ಅಂದರೆ ಅವರಿಗೂ ಒಳಗಿನದು ಅಷ್ಟೇ ನಿಚ್ಚಳ. ಬಾಣಂತಿಯರು ಕಿಟಕಿಗೆ ಸೀರೆ ಕಟ್ಟಿದ್ದರು, ವೃತ್ತಪತ್ರಿಕೆ ಅಂಟಿಸಿದ್ದರು. ಸೀರೆ ಜಾರಿತ್ತು, ನೀರು ಬಿದ್ದು ಪತ್ರಿಕೆಯೆಲ್ಲ ಹರಿದು ನೇತಾಡುತ್ತಿತ್ತು.

ವಾರ್ಡಿನ ಸಿಸ್ಟರ್ ಫಿಲೋಮಿನಾ ಒಂದು ಮಂಚದ ಹತ್ತಿರ ಕರೆದುಕೊಂಡು ಹೋದರು. ಇಪ್ಪತ್ತೆರಡರ ಆಸುಪಾಸಿನ ಹೆಣ್ಣುಮಗಳು, ಪಕ್ಕದಲ್ಲಿ ಮೂರು ದಿನದ ಕೂಸು. ಜ್ವರದಿಂದ ಮುಖ ಕೆಂಪಾಗಿತ್ತು.

"ಎರಡು ದಿನದಿಂದ ಬಚ್ಚಲಿಗೆ ಹೋಗಿಲ್ಲ ಇವಳು," ಎಂದರು ಸಿಸ್ಟರ್. "ಬಾ ಅಂದ್ರೂ ಬರಲ್ಲ. ನೀರು ಕುಡಿಯೋದನ್ನೇ ಬಿಟ್ಟಿದಾಳೆ, ಹೋಗೋದು ತಪ್ಪುತ್ತಲ್ಲ ಅಂತ. ಈಗ ಇನ್‌ಫೆಕ್ಷನ್ ಆಗಿದೆ. ಬಚ್ಚಲಿಗೆ ಈ ಗಾಜು ಅಂತ ಬರೆದೋರು ಯಾರು ಅಂತ ಒಂದ್ಸಲ ನೋಡ್ಬೇಕಿತ್ತು ನನಗೆ."

"ನಾನೇ," ಎಂದೆ.

ಸಿಸ್ಟರ್ ನನ್ನನ್ನು ಒಂದು ಗಳಿಗೆ ನೋಡಿದರು. "ನಿನಗೂ ಇವಳಷ್ಟೇ ವಯಸ್ಸು," ಎಂದಷ್ಟೇ ಹೇಳಿ ಬೇರೆ ಮಂಚದ ಕಡೆ ಹೋದರು.

ಕಾಟನ್‌ಪೇಟೆಯಲ್ಲಿ ಒಂದು ಗಾಜಿನ ಅಂಗಡಿ. ನಂಜುಂಡಯ್ಯನವರು ಆಸ್ಪತ್ರೆಯಿಂದ ಸೀದಾ ನನ್ನನ್ನು ಅಲ್ಲಿಗೆ ಕರೆದೊಯ್ದರು. ಅಂಗಡಿಯ ಇಬ್ರಾಹಿಂ ಸಾಬರಿಗೆ ಆಗಲೇ ಅರವತ್ತು ದಾಟಿರಬೇಕು, ಬೆರಳ ತುದಿಯೆಲ್ಲ ಗೀರು. "ಸಾಬ್ರೇ, ಈ ಹುಡುಗಿಗೆ ನಿಮ್ಮ ಗಾಜನ್ನೆಲ್ಲ ತೋರಿಸಿ" ಎಂದರು ನಂಜುಂಡಯ್ಯನವರು. ಸಾಬರು ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದರು.

"ಇದು ನೋಟದ ಗಾಜು. ಆಚೆ ಇರೋದೆಲ್ಲ ಕಾಣುತ್ತೆ. ಇದು ಬೆಳಕಿನ ಗಾಜು. ಬೆಳಕು ಬರುತ್ತೆ, ನೋಟ ಬರಲ್ಲ. ಬಚ್ಚಲಿಗೆ, ಡಾಕ್ಟ್ರ ರೂಮಿಗೆ ಎಲ್ಲಾರೂ ಇದೇ ಕೇಳೋದು."

ನೋಟದ ಗಾಜು, ಬೆಳಕಿನ ಗಾಜು. ನಾನು ನಿಘಂಟಿನಲ್ಲಿ ಒಂದು ಮಧ್ಯಾಹ್ನವೆಲ್ಲ ಹುಡುಕಿ ಸಿಗದೆ ಕೈಬಿಟ್ಟ ಸರಳ ಪದಗಳು ಕಚೇರಿಯಿಂದ ಒಂದು ಮೈಲಿ ದೂರದ ಅಂಗಡಿಯಲ್ಲಿ ದಿನಾ ಮಾರಾಟವಾಗುತ್ತಿದ್ದವು. ನನಗೆ ನಾಚಿಕೆಯಾಯಿತು. ಅದಕ್ಕಿಂತ ಜಾಸ್ತಿ, ಒಂದು ಥರದ ಕುತೂಹಲ ಹುಟ್ಟಿತು. ಇನ್ನೂ ಏನೇನು ಪದಗಳು ಯಾವ ಯಾವ ಅಂಗಡಿಯಲ್ಲಿ ಇರಬಹುದು ಎಂದು.

ಗಾಜು ಬದಲಾಯಿಸುವುದಕ್ಕೆ ಮಂಜೂರಾತಿ ಬರಬೇಕು, ಅದಕ್ಕೆ ತಿಂಗಳಾಗಬಹುದು. ಅಲ್ಲಿಯವರೆಗೆ ಏನು ಮಾಡುವುದೆಂದು ಕೇಳಿದಾಗ ಸಾಬರೇ ಉಪಾಯ ಹೇಳಿದರು. ಬಿಳಿ ಪೇಂಟನ್ನು ತೆಳುವಾಗಿ ಕಲಸಿ, ಬಟ್ಟೆಯ ಉಂಡೆಯಿಂದ ಗಾಜಿನ ಮೇಲೆ ಒತ್ತುತ್ತ ಹೋದರೆ ಬೆಳಕಿನ ಗಾಜಿನ ಹಾಗೆಯೇ ಆಗುತ್ತದೆ. ಮರುದಿನ ರಜೆ ಹಾಕಿ ನಾನೂ ಅವರ ಜೊತೆ ಹೋದೆ. ಐದು ಕಿಟಕಿ. ಉಜ್ಜಬಾರದು, ಬರೀ ಒತ್ತಬೇಕು, ಉಜ್ಜಿದರೆ ಗೆರೆ ಬಿದ್ದು ಆ ಗೆರೆಯಿಂದ ಆಚೆ ಕಾಣುತ್ತದೆ ಎಂದು ಸಾಬರು ಹೇಳಿಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಗೋದಾಮಿನ ಗಂಡಸರು ಬರೀ ನೆರಳಾದರು, ಆಮೇಲೆ ನೆರಳೂ ಹೋಯಿತು. ಪೇಂಟ್ ಒಣಗಿದ ಮೇಲೆ ಆ ಜ್ವರದ ಹೆಣ್ಣುಮಗಳು ಸಿಸ್ಟರ್ ಕೈ ಹಿಡಿದು ನಿಧಾನವಾಗಿ ಬಂದಳು. ಗಾಜನ್ನು ಬೆರಳಿಂದ ಮುಟ್ಟಿ ನೋಡಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ವಾರದಲ್ಲಿ ಗುಣವಾಗಿ ಮನೆಗೆ ಹೋದಳೆಂದು ಆಮೇಲೆ ತಿಳಿಯಿತು. ಅವಳ ಹೆಸರು ಕೇಳುವ ಧೈರ್ಯ ನನಗೆ ಆಗಲಿಲ್ಲ.

ಎರಡನೆಯದು ನಗುವ ವಿಷಯ, ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಒಂದು ಕಾಲದಲ್ಲಿ ಸಭೆಗಳಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಬರೆದು, ಅದನ್ನು ದೀಪದ ಪೆಟ್ಟಿಗೆಯ ಮೇಲಿಟ್ಟು ಗೋಡೆಗೆ ಬಿಂಬ ಬೀಳಿಸುತ್ತಿದ್ದರು. ಆ ಹಾಳೆಗೆ ಟ್ರಾನ್ಸ್‌ಪರೆನ್ಸಿ ಎಂದೇ ಹೆಸರು. ಜಿಲ್ಲೆಗಳ ಅಧಿಕಾರಿಗಳಿಗೆ ಒಂದು ತರಬೇತಿ ಇತ್ತು. ಬರುವಾಗ ನಿಮ್ಮ ಟ್ರಾನ್ಸ್‌ಪರೆನ್ಸಿಗಳನ್ನು ತನ್ನಿ ಎಂದು ಇಂಗ್ಲಿಷ್ ಪತ್ರ. ನನ್ನ ಪಕ್ಕದ ಮೇಜಿನ ಸಹೋದ್ಯೋಗಿ ಅದನ್ನು 'ಎಲ್ಲ ಅಧಿಕಾರಿಗಳೂ ತಪ್ಪದೆ ತಮ್ಮ ಪಾರದರ್ಶಕತೆಯೊಂದಿಗೆ ಹಾಜರಾಗತಕ್ಕದ್ದು' ಎಂದು ಮಾಡಿದರು. ಪತ್ರ ಹೋಯಿತು. ಒಬ್ಬ ಅಧಿಕಾರಿ ಮಾತ್ರ ಹಾಳೆ ತಂದಿದ್ದರು, ಅವರಿಗೆ ಇಂಗ್ಲಿಷ್ ಪ್ರತಿ ಸಿಕ್ಕಿತ್ತು. ಇನ್ನೊಬ್ಬರು ಬರಲೇ ಇಲ್ಲ. ಬದಲಿಗೆ ಎರಡು ಪುಟದ ಉತ್ತರ ಬರೆದಿದ್ದರು. ತಮ್ಮ ಇಪ್ಪತ್ತಾರು ವರ್ಷದ ಸೇವೆಯಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲವೆಂದೂ, ತಮ್ಮ ಮೇಲೆ ಯಾರೋ ಚಾಡಿ ಹೇಳಿರಬೇಕೆಂದೂ, ವಿಚಾರಣೆಗೆ ಸಿದ್ಧವೆಂದೂ. ನಂಜುಂಡಯ್ಯನವರು ಅದನ್ನು ಓದಿ, ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು ನಕ್ಕಿದ್ದನ್ನು ನಾನು ಅದೊಂದೇ ಸಲ ಕಂಡದ್ದು. ಆಮೇಲೆ ಅವರೇ ಆ ಅಧಿಕಾರಿಗೆ ಫೋನ್ ಮಾಡಿ ಸಮಾಧಾನ ಮಾಡಿದರು.

ನಕ್ಕಿದ್ದು ಸರಿ. ಆದರೆ ಆ ಅಧಿಕಾರಿ ಯಾಕೆ ಹೆದರಿದರು ಎಂದು ನನಗೆ ಆಮೇಲೆ ಯೋಚನೆ ಬಂತು. ಹತ್ತು ವರ್ಷ ಹಿಂದೆ ಆ ಪದ ಗಾಜಿಗೆ ಮಾತ್ರ ಇತ್ತು. ಈಗ ಅದು ಮನುಷ್ಯರ ಮೇಲೆ ಬಂದು ಕೂತಿತ್ತು. ನಮ್ಮ ಮೇಜಿಗೆ ಬರುವ ಸುತ್ತೋಲೆಗಳಲ್ಲಿ ಪಾರದರ್ಶಕ ಆಡಳಿತ, ಪಾರದರ್ಶಕ ಆಯ್ಕೆ, ಪಾರದರ್ಶಕ ವರ್ಗಾವಣೆ ಶುರುವಾಗಿದ್ದವು. ಜನ ಅರ್ಜಿ ಹಾಕಿ ಕಚೇರಿಯ ಕಡತದ ಪ್ರತಿ ಕೇಳಬಹುದು ಎಂಬ ಕಾನೂನೂ ಬಂತು. ನನಗೆ ನಿಜಕ್ಕೂ ಸಂತೋಷವಾಯಿತು. ಗಿರಣಿ ಗೇಟಿನ ಮುಂದೆ ನಿಂತಿದ್ದ ಜನ ನೆನಪಾದರು.

ಅಷ್ಟು ಹೊತ್ತಿಗೆ ನಂಜುಂಡಯ್ಯನವರು ನಿವೃತ್ತರಾಗಿದ್ದರು. ಹೊಸ ಮೇಲಧಿಕಾರಿ ವಿಶ್ವನಾಥ್. ಚುರುಕು ಮನುಷ್ಯ, ಸಮಯಕ್ಕೆ ಸರಿಯಾಗಿ ಬರುವವರು. ಅವರಿಗೆ ಆ ಪದ ಎಂದರೆ ಬಹಳ ಇಷ್ಟ. ನಾನು 'ಮುಕ್ತವಾಗಿ' ಎಂದೋ 'ಎಲ್ಲರಿಗೂ ತಿಳಿಯುವಂತೆ' ಎಂದೋ ಬರೆದರೆ ಕೆಂಪು ಪೆನ್ನಿನಲ್ಲಿ ಹೊಡೆದು 'ಪಾರದರ್ಶಕವಾಗಿ' ಎಂದು ಮಾಡುತ್ತಿದ್ದರು. "ತೂಕ ಬರಲ್ಲ ಸುಜಾತ ಅವ್ರೇ, ಇಲ್ದಿದ್ರೆ" ಎನ್ನುವರು.

ಒಂದು ದಿನ ಊಟದ ಹೊತ್ತಿನಲ್ಲಿ ಕೆಳಗಿನ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಮಡಿಲಲ್ಲಿ ದಪ್ಪ ಕಾಗದದ ಕಟ್ಟು ಇಟ್ಟುಕೊಂಡು ಕೂತಿದ್ದರು. ಹೆಸರು ಮುನಿರತ್ನಮ್ಮ, ಚಾಮರಾಜಪೇಟೆಯಲ್ಲೇ ಒಂದು ಮದುವೆ ಛತ್ರದ ಅಡುಗೆಮನೆಯಲ್ಲಿ ಕೆಲಸ. ಮಗಳು ಭವ್ಯಾಗೆ ತುಮಕೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಆದರೆ ಸರ್ಕಾರಿ ಹಾಸ್ಟೆಲಿನ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಹುಡುಗಿ ದಿನಾ ಬೆಳಿಗ್ಗೆ ಐದಕ್ಕೆದ್ದು ರೈಲಿನಲ್ಲಿ ಹೋಗಿ ಬರುತ್ತಿದ್ದಳು. ಯಾಕೆ ಸಿಗಲಿಲ್ಲ ಎಂದು ತಾಯಿ ಆ ಕಾನೂನಿನ ಪ್ರಕಾರ ಅರ್ಜಿ ಹಾಕಿ ಕೇಳಿದ್ದರು. ಹಾಸ್ಟೆಲಿನ ವಿಭಾಗ ನಮ್ಮ ಕಟ್ಟಡದ ಕೆಳಗಿನ ಅಂತಸ್ತಿನಲ್ಲೇ ಇತ್ತು. ಉತ್ತರವಾಗಿ ಇಡೀ ಕಡತದ ಪ್ರತಿ ಕೊಟ್ಟಿದ್ದರು. ಎಲ್ಲ ಇಂಗ್ಲಿಷಿನಲ್ಲಿ.

"ಎಲ್ಲಾ ಕೊಟ್ಟಿದೀವಿ ಅಂತಾರಮ್ಮ," ಎಂದರು ಮುನಿರತ್ನಮ್ಮ. "ಕೊಟ್ಟಿರೋದು ನಿಜಾನೇ. ಇಷ್ಟು ದಪ್ಪ ಇದೆ. ನನ್ ಮಗಳಿಗೆ ಯಾಕೆ ಕೊಡ್ಲಿಲ್ಲ ಅನ್ನೋದು ಇದ್ರಾಗೆ ಎಲ್ಲೈತೆ?"

"ಮಗಳಿಗೆ ತೋರಿಸಿಲ್ವಾ?"

"ಅವಳು ಬರೋದು ರಾತ್ರಿ, ಉಂಡು ಬಿದ್ಕೊಂಡ್ಬಿಡ್ತಾಳೆ. ಎರಡು ಹಾಳೆ ಓದಿದ್ಲು. ಇದೇನೋ ಬೇರೆ ಭಾಷೆ ಇದ್ದಂಗಿದೆ ಅಮ್ಮ ಅಂದ್ಲು."

ನಾನು ಅವರ ಪಕ್ಕ ಮೆಟ್ಟಿಲ ಮೇಲೆ ಕೂತು ಓದತೊಡಗಿದೆ. ನಿಯಮಾವಳಿ, ತಿದ್ದುಪಡಿ, ಸಭೆಯ ನಡಾವಳಿ, ಇನ್ನೊಂದು ತಿದ್ದುಪಡಿ. ಊಟದ ಸಮಯ ಮುಗಿಯಿತು. ನಾನು ಏಳಲಿಲ್ಲ. ಕೊನೆಗೆ ಸಣ್ಣ ಅಕ್ಷರದ ಒಂದು ಪಟ್ಟಿಯಲ್ಲಿ, ಭವ್ಯಾಳ ಹೆಸರಿನ ಮುಂದೆ ಮೂರು ಇಂಗ್ಲಿಷ್ ಪದ ಸಿಕ್ಕಿತು. ಆದಾಯ ಪ್ರಮಾಣಪತ್ರ ಓದಲಾಗುತ್ತಿಲ್ಲ. ಅಷ್ಟೇ. ಅದರ ಹಿಂದಿನ ಹಾಳೆಯಲ್ಲಿ ಆ ಪ್ರಮಾಣಪತ್ರದ ಪ್ರತಿ ಇತ್ತು. ಕಚೇರಿಯ ಜೆರಾಕ್ಸ್ ಯಂತ್ರದಲ್ಲಿ ಶಾಯಿ ಮುಗಿದು ಬರೀ ಬೂದಿ ಬಣ್ಣ ಬಂದಿತ್ತು.

"ಇದರ ಅಸಲು ನಿಮ್ಮ ಹತ್ರ ಇದೆಯಾ?"

ಮುನಿರತ್ನಮ್ಮ ಚೀಲದಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಅದರೊಳಗೆ ಅಸಲು ಪ್ರಮಾಣಪತ್ರ, ಸೀಲು ಸಹಿ ಎಲ್ಲ ಎದ್ದು ಕಾಣುವಂತೆ ಇತ್ತು. ನಾನು ಅಲ್ಲೇ ಒಂದು ಹಾಳೆಯಲ್ಲಿ ನಾಲ್ಕು ಸಾಲಿನ ಮನವಿ ಬರೆದುಕೊಟ್ಟೆ. ಯಾವ ಪುಟ, ಯಾವ ಸಾಲು, ಏನು ತಪ್ಪಾಗಿದೆ ಎಂದು. ಅವರು ಅದನ್ನು ಆ ವಿಭಾಗದಲ್ಲಿ ಕೊಟ್ಟು ಸೀಲು ಹಾಕಿಸಿಕೊಂಡು ಹೋದರು.

ಮೂರನೇ ದಿನ ವಿಶ್ವನಾಥ್ ನನ್ನನ್ನು ಕರೆದರು. ಕೆಳಗಿನ ವಿಭಾಗದವರು ದೂರಿದ್ದರು. ಮೇಜಿನ ಮೇಲೆ ನನ್ನ ಹೆಸರಿಗೆ ಒಂದು ಮೆಮೊ ಸಿದ್ಧವಾಗಿತ್ತು. ಕಚೇರಿ ವೇಳೆಯಲ್ಲಿ, ಅಧಿಕಾರವಿಲ್ಲದೆ, ಕಡತವನ್ನು ಅರ್ಜಿದಾರರಿಗೆ ವ್ಯಾಖ್ಯಾನಿಸಿದ್ದೀರಿ ಎಂದು.

"ಸರ್, ಕಡತ ಅವರ ಕೈಯಲ್ಲೇ ಇತ್ತು," ಎಂದೆ. "ನಾವೇ ಕೊಟ್ಟಿದ್ದು. ನಾನು ಓದಿ ಹೇಳಿದೆ."

"ಕೊಡೋದು ನಮ್ಮ ಕೆಲಸ. ಓದ್ಕೊಳ್ಳೋದು ಅವರ ಕೆಲಸ."

"ಅವರಿಗೆ ಓದೋಕೆ ಆಗೋ ಹಾಗೆ ಇರಲಿಲ್ಲ ಸರ್. ಎಲ್ಲಾ ಕೊಟ್ಟಿದ್ವಿ, ಆದ್ರೆ ಏನೂ ಕಾಣ್ತಿರಲಿಲ್ಲ. ಅದಕ್ಕೂ ಪಾರದರ್ಶಕ ಅಂತಾನೇ ಬರೀಬೇಕಾ ನಾನು?"

ಅವರು ಮೆಮೊಗೆ ಸಹಿ ಹಾಕಿ ನನ್ನ ಕಡೆ ತಳ್ಳಿದರು. ಅದು ಇವತ್ತಿಗೂ ನನ್ನ ಸೇವಾ ದಾಖಲೆಯಲ್ಲಿದೆ. ಭವ್ಯಾಗೆ ಹಾಸ್ಟೆಲ್ ಸಿಕ್ಕಿತು, ಎರಡು ತಿಂಗಳು ತಡವಾಗಿ. ಆ ಎರಡು ತಿಂಗಳಲ್ಲಿ ಒಂದು ವಿಷಯದಲ್ಲಿ ಅವಳು ಫೇಲಾದಳು. ಅದನ್ನು ಯಾರೂ ಅವಳಿಗೆ ಹಿಂದಕ್ಕೆ ಕೊಡಲಾಗಲಿಲ್ಲ. ಆದರೆ ವಿಶ್ವನಾಥ್ ಬಗ್ಗೆ ಇನ್ನೊಂದು ಮಾತೂ ಹೇಳಬೇಕು. ಆರು ತಿಂಗಳಾದ ಮೇಲೆ ಅವರ ಸಹಿಯ ಒಂದು ಸುತ್ತೋಲೆ ಬಂತು. ಕಡತದ ಪ್ರತಿ ಕೊಡುವಾಗ ಕೇಳಿದ ಪ್ರಶ್ನೆಗೆ ನೇರ ಉತ್ತರವನ್ನು ಒಂದು ಪುಟದಲ್ಲಿ, ಕನ್ನಡದಲ್ಲಿ ಬರೆದು ಮೇಲಿಡಬೇಕು ಎಂದು. ಅದರಲ್ಲಿ ಪಾರದರ್ಶಕ ಎಂಬ ಪದ ಒಂದು ಸಲವೂ ಇರಲಿಲ್ಲ.

ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು, ಕಾರ್ಬನ್ ಹಾಳೆ ಹೋಯಿತು. ನಾನು ಹಿರಿಯಳಾದೆ. ಇಷ್ಟು ವರ್ಷದಲ್ಲಿ ಈ ಪದದ ಒಳಹೊರಗೆಲ್ಲ ನನಗೆ ಗೊತ್ತು ಎಂದುಕೊಂಡಿದ್ದೆ. ಆಗ ಇನ್ನೊಂದು ಪೆಟ್ಟು ಬಿತ್ತು.

ಜನನ ಪ್ರಮಾಣಪತ್ರ ಮುಂತಾದವನ್ನು ಕೊಡುವ ಕೇಂದ್ರಗಳಲ್ಲಿ ಹಳೆಯ ಕಂಪ್ಯೂಟರ್ ವ್ಯವಸ್ಥೆ ತೆಗೆದು ಹೊಸದನ್ನು ಹಾಕುವವರಿದ್ದರು. ಗೋಡೆಗೆ ಅಂಟಿಸಲು ಒಂದು ಪ್ರಕಟಣೆಯ ಇಂಗ್ಲಿಷ್ ಕರಡು ಬಂತು. ಈ ಬದಲಾವಣೆ ಬಳಕೆದಾರರಿಗೆ ಟ್ರಾನ್ಸ್‌ಪರೆಂಟ್ ಆಗಿರುತ್ತದೆ ಎಂದು ಅದರಲ್ಲಿತ್ತು. ಶಾಖೆಯ ಕಿರಿಯರೊಬ್ಬರು 'ಎಲ್ಲ ಬದಲಾವಣೆಯೂ ಸಾರ್ವಜನಿಕರಿಗೆ ಸ್ಪಷ್ಟವಾಗಿ ಕಾಣುವಂತಿರುತ್ತದೆ' ಎಂದು ಬರೆದರು. ನಾನು ಓದಿ, ಚೆನ್ನಾಗಿದೆ ಎಂದು ಸಹಿ ಹಾಕಿದೆ.

ವಾರದ ಮೇಲೆ ಬಸವನಗುಡಿಯ ಕೇಂದ್ರದಿಂದ ಫೋನ್. ಹೋಗಿ ನೋಡಿದರೆ ಕೌಂಟರಿನ ಮುಂದೆ ಒಬ್ಬ ಹಿರಿಯರು ಕೊಡೆಯ ಹಿಡಿಯಿಂದ ಗೋಡೆಯ ಪ್ರಕಟಣೆಯನ್ನು ತೋರಿಸುತ್ತ ನಿಂತಿದ್ದಾರೆ.

"ಬದಲಾವಣೆ ಸ್ಪಷ್ಟವಾಗಿ ಕಾಣುತ್ತೆ ಅಂತ ನೀವೇ ಬರೆದಿದೀರಿ. ಎಲ್ಲಿ, ತೋರ್ಸಿ. ಅದೇ ಕೌಂಟರು, ಅದೇ ಚೀಟಿ, ಅದೇ ಕ್ಯೂ. ಏನು ಬದಲಾಗಿದೆ?"

ಅವರ ಹಿಂದೆ ಇನ್ನೂ ಹತ್ತು ಜನ. ಏನೋ ಮುಚ್ಚಿಡುತ್ತಿದ್ದಾರೆ ಎಂದು ಎಲ್ಲರಿಗೂ ಅನುಮಾನ. ಹೊಸ ವ್ಯವಸ್ಥೆ ಕೂರಿಸಲು ಬಂದಿದ್ದ ಅರವಿಂದ್ ಎಂಬ ಯುವ ಇಂಜಿನಿಯರು ತಲೆ ಮೇಲೆ ಕೈ ಹೊತ್ತು ಕೂತಿದ್ದ. ನಾನು ಅವನನ್ನು ಪಕ್ಕಕ್ಕೆ ಕರೆದೆ.

"ಅದನ್ನ ಹಾಗೆ ಬರೀಬಾರದಿತ್ತು ಮೇಡಂ. ನಮ್ಮಲ್ಲಿ ಟ್ರಾನ್ಸ್‌ಪರೆಂಟ್ ಅಂದ್ರೆ ಕಾಣಲ್ಲ ಅಂತ. ಒಳಗಡೆ ಏನೇ ಬದಲಾದ್ರೂ ಯೂಸರ್‌ಗೆ ಗೊತ್ತೇ ಆಗಲ್ಲ, ಯಾವತ್ತಿನ ಹಾಗೇ ಕೆಲಸ ನಡಿಯುತ್ತೆ ಅಂತ."

"ಪಾರದರ್ಶಕ ಅಂದ್ರೆ ಕಾಣೋದು ಅಲ್ವೇನಪ್ಪ?"

"ಆಚೆ ಇರೋದು ಕಾಣುತ್ತೆ ಮೇಡಂ. ಮಧ್ಯದಲ್ಲಿರೋ ಗಾಜು ಕಾಣಲ್ಲ."

ಇಷ್ಟು ವರ್ಷ ಒಂದೇ ಪದ ಎಂದುಕೊಂಡದ್ದರೊಳಗೆ ಎರಡು ಎದುರಾಬದುರು ಅರ್ಥ ಕೂತಿದ್ದವು. ಆಡಳಿತ ಪಾರದರ್ಶಕ ಎಂದರೆ ಒಳಗಿನದೆಲ್ಲ ಕಾಣಬೇಕು. ಯಂತ್ರ ಪಾರದರ್ಶಕ ಎಂದರೆ ಒಳಗಿನದೇನೂ ಕಾಣಬಾರದು. ಯಾರಿಗೆ, ಏನು ಕಾಣಬೇಕು ಎಂದು ಕೇಳಿಕೊಳ್ಳದೆ ಈ ಪದವನ್ನು ಬರೆಯುವಂತೆಯೇ ಇಲ್ಲ. ತಪ್ಪು ಮಾಡಿದ ಜಾಗದಲ್ಲೇ ನಿಂತು ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು ಎಂದರೆ ನೀವು ನಂಬುತ್ತೀರೋ ಇಲ್ಲವೋ. ಕೌಂಟರಿನವರಿಂದ ಮಾರ್ಕರ್ ಪೆನ್ನು ಇಸಕೊಂಡು ಆ ಸಾಲು ಹೊಡೆದು, ಕೆಳಗೆ 'ಇದರಿಂದ ನಿಮಗೆ ಯಾವ ವ್ಯತ್ಯಾಸವೂ ಆಗುವುದಿಲ್ಲ' ಎಂದು ಬರೆದೆ. ಕೊಡೆಯ ಹಿರಿಯರು ಹತ್ತಿರ ಬಂದು ಓದಿದರು.

"ಇದನ್ನ ಮೊದಲೇ ಹೇಳಿದ್ರೆ ಆಗ್ತಿತ್ತಲ್ಲಮ್ಮ," ಎಂದು ಹೋಗಿ ಕ್ಯೂನಲ್ಲಿ ನಿಂತರು.

ನಿವೃತ್ತಿಯಾದ ಮೇಲೆ ಈ ಪದದ ಸಹವಾಸ ಮುಗಿಯಿತು ಎಂದುಕೊಂಡಿದ್ದೆ. ಹೋದ ವರ್ಷದ ಒಂದು ಬೆಳಿಗ್ಗೆ ಅದು ಮತ್ತೆ ಬಂತು.

ನಮ್ಮ ಪಕ್ಕದ ಮನೆಯಲ್ಲಿ ಚಿಕ್ಕಣ್ಣ ಎಂಬುವರಿದ್ದರು. ಸಿಟಿ ಬಸ್ಸಿನ ಡ್ರೈವರ್ ಆಗಿ ರಿಟೈರಾದವರು. ಹೆಂಡತಿ ಪುಟ್ಟಲಕ್ಷ್ಮಮ್ಮ. ಚಿಕ್ಕಣ್ಣನವರಿಗೆ ಹೃದಯದ ತೊಂದರೆ ಇತ್ತು. ಆ ದಿನ ಬೆಳಿಗ್ಗೆ ಕಾಫಿ ಕುಡಿದು ಕುರ್ಚಿಯಲ್ಲಿ ಕೂತವರು ಹಾಗೇ ಹೋಗಿಬಿಟ್ಟರು. ನಾನು ಓಡಿಹೋದಾಗ ಎಂಟು ಗಂಟೆ ಇರಬಹುದು. ಮಗ ಲೋಕೇಶ ಅಪ್ಪನ ಪರ್ಸಿನಿಂದ ಒಂದು ಕಾರ್ಡು ತೆಗೆದು ನನಗೆ ತೋರಿಸಿದ. ಕಣ್ಣು ದಾನ ಮಾಡುತ್ತೇನೆಂದು ಅವರು ಬರೆದುಕೊಟ್ಟಿದ್ದ ಕಾರ್ಡು. ಅದರಲ್ಲಿದ್ದ ನಂಬರಿಗೆ ನಾನೇ ಫೋನ್ ಮಾಡಿದೆ. ಫ್ಯಾನ್ ಆಫ್ ಮಾಡಿ, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ನಾವು ಒಂದು ಗಂಟೆಯಲ್ಲಿ ಬರುತ್ತೇವೆ, ತಡವಾದರೆ ಪ್ರಯೋಜನವಿಲ್ಲ ಎಂದರು.

ಬಂದವರು ಒಬ್ಬ ಡಾಕ್ಟರು, ಒಬ್ಬ ಸಹಾಯಕಿ. ಮನೆಯವರ ಒಪ್ಪಿಗೆ ಇಲ್ಲದೆ ಅವರು ಮುಟ್ಟುವಂತಿಲ್ಲ. ಒಪ್ಪಿಗೆ ಪತ್ರವನ್ನು ಪುಟ್ಟಲಕ್ಷ್ಮಮ್ಮನ ಮುಂದಿಟ್ಟರು. ಆಕೆ ಕನ್ನಡ ಚೆನ್ನಾಗಿ ಓದುತ್ತಾರೆ. ಎರಡು ಸಲ ಓದಿದರು. ಹಾಳೆಯನ್ನು ಪಕ್ಕಕ್ಕೆ ಸರಿಸಿದರು.

"ಬೇಡ. ಕಣ್ಣು ಕಿತ್ತು ಮುಖ ಗುಂಡಿ ಮಾಡಿ ಕಳಿಸೋಕೆ ನನ್ ಕೈಲಾಗಲ್ಲ."

"ಅಮ್ಮಾ, ಅಪ್ಪಾನೇ ಬರೆದುಕೊಟ್ಟಿರೋದು," ಎಂದ ಲೋಕೇಶ.

"ಬರೆದುಕೊಟ್ಟಿರಬೋದು. ಆ ಮುಖಾನ ನಲವತ್ತು ವರ್ಷ ನೋಡಿರೋಳು ನಾನು."

ಡಾಕ್ಟರು ಗಡಿಯಾರ ನೋಡಿದರು, ಒತ್ತಾಯ ಮಾಡಲಿಲ್ಲ. ನಾನು ಹಾಳೆಯನ್ನು ಎತ್ತಿಕೊಂಡೆ. 'ಮೃತರ ನೇತ್ರದ ಪಾರದರ್ಶಕ ಪಟಲವನ್ನು ಹೊರತೆಗೆಯಲು ಸಮ್ಮತಿಸಿರುತ್ತೇನೆ' ಎಂದಿತ್ತು. ಆ ವಾಕ್ಯ ನನ್ನದೇ. ಎಷ್ಟೋ ವರ್ಷದ ಹಿಂದೆ ನಾನೇ ಮಾಡಿಕೊಟ್ಟ ನಮೂನೆ. ವ್ಯಾಕರಣ ಸರಿ, ಪದ ಸರಿ, ಶಾಸ್ತ್ರ ಸರಿ. ಎಷ್ಟು ಮನೆಗಳಲ್ಲಿ ಎಷ್ಟು ಜನ ಇದನ್ನು ಓದಿ ಹೀಗೆ ಪಕ್ಕಕ್ಕೆ ಸರಿಸಿದ್ದಾರೋ.

ನಾನು ಪುಟ್ಟಲಕ್ಷ್ಮಮ್ಮನ ಪಕ್ಕ ನೆಲದ ಮೇಲೆ ಕೂತೆ.

"ಇದನ್ನ ನಾನೇ ಬರೆದಿದ್ದು ಪುಟ್ಟಲಕ್ಷ್ಮಮ್ಮ, ಸರಿಯಾಗಿ ಬರೆದಿಲ್ಲ. ಇವರು ಕಣ್ಣು ಕೀಳಲ್ಲ. ಕಣ್ಣಿನ ಕಪ್ಪು ಭಾಗದ ಮುಂದೆ ಒಂದು ತೆಳ್ಳಗಿನ ಪೊರೆ ಇರುತ್ತೆ. ಅದು ಇದೆ ಅಂತಾನೇ ನಮಗೆ ಗೊತ್ತಾಗಲ್ಲ, ಅಷ್ಟು ತಿಳಿ. ಬೆಳಕು ಅದರ ಮೂಲಕಾನೇ ಒಳಗೆ ಹೋಗೋದು. ಅದೊಂದನ್ನ ತಗೋತಾರೆ. ಕಣ್ಣುಗುಡ್ಡೆ ಅಲ್ಲೇ ಇರುತ್ತೆ. ರೆಪ್ಪೆ ಮುಚ್ಚಿದ್ರೆ ಮುಖ ಈಗ ಹೇಗಿದೆಯೋ ಹಾಗೇ ಇರುತ್ತೆ."

ನಾನು ಡಾಕ್ಟರ ಮುಖ ನೋಡಿದೆ. ಅವರು ಹೌದೆಂದು ತಲೆಯಾಡಿಸಿದರು.

ಪುಟ್ಟಲಕ್ಷ್ಮಮ್ಮ ಗಂಡನ ಮುಖದ ಕಡೆ ತಿರುಗಿದರು.

"ಬಸ್ಸಿನ ಮುಂದಗಡೆ ಗಾಜು ಇದ್ದಂಗಾ?"

"ಹೂಂ. ಹಾಗೇ."

"ದಿನಾ ಬೆಳಿಗ್ಗೆ ಡಿಪೋದಾಗೆ ಮೊದ್ಲು ಅದನ್ನೇ ಒರೆಸ್ತಿದ್ರಂತೆ ಇವ್ರು. ಕ್ಲೀನರ್ ಒರೆಸಿದ್ರೂ ಇವ್ರು ಇನ್ನೊಂದ್ ಸಲ ಒರೆಸೋರು." ಆಕೆ ಹಾಳೆಯನ್ನು ಹತ್ತಿರ ಎಳೆದುಕೊಂಡರು. "ಎಲ್ಲಿ ಹಾಕ್ಬೇಕು ಸೈನು?"

ಬಾಗಿಲು ಮುಚ್ಚಿ ಕೆಲಸ ಮುಗಿಸಲು ಅರ್ಧ ಗಂಟೆಯೂ ಆಗಲಿಲ್ಲ. ಬಾಗಿಲು ತೆಗೆದ ಕೂಡಲೇ ಪುಟ್ಟಲಕ್ಷ್ಮಮ್ಮ ಒಳಗೆ ಹೋಗಿ ಬಗ್ಗಿ, ಗಂಡನ ಮುಖವನ್ನು ಹತ್ತಿರದಿಂದ ಪರೀಕ್ಷಿಸಿದರು. ಹಣೆಯ ಮೇಲಿನ ಕೂದಲು ಸರಿಮಾಡಿದರು. ಆಮೇಲೆ ಮೊದಲ ಸಲ ಅತ್ತರು.

ಆ ನಮೂನೆಯನ್ನು ನಾನು ಅದೇ ವಾರ ಹೊಸದಾಗಿ ಬರೆದು ಶಾಖೆಗೆ ಕಳಿಸಿದೆ. ನೆಲದ ಮೇಲೆ ಕೂತು ಹೇಳಿದ ಮಾತನ್ನೇ ಹೆಚ್ಚು ಕಡಿಮೆ ಇಳಿಸಿದ್ದೆ. ಪಾರದರ್ಶಕ ಎಂಬುದನ್ನೂ ಪಟಲ ಎಂಬುದನ್ನೂ ತೆಗೆದೆ. ಈಗ ಅದೇ ಚಾಲ್ತಿಯಲ್ಲಿದೆ.

ಹದಿನೈದು ದಿನ ಕಳೆದ ಮೇಲೆ ಕಣ್ಣಿನ ಆಸ್ಪತ್ರೆಯವರು ಲೋಕೇಶನಿಗೆ ಫೋನ್ ಮಾಡಿದರು. ಇಬ್ಬರಿಗೆ ಹಾಕಿದ್ದಾರೆ, ಇಬ್ಬರಿಗೂ ಚೆನ್ನಾಗಿ ಕಾಣುತ್ತಿದೆ ಎಂದು. ಆ ಸಂಜೆ ಪುಟ್ಟಲಕ್ಷ್ಮಮ್ಮ ಕಾಂಪೌಂಡಿನ ಆಚೆಯಿಂದ ನನ್ನನ್ನು ಕರೆದು ವಿಷಯ ಹೇಳಿದರು.

"ಯಾರಿಗೆ ಅಂತ ಹೇಳಲ್ವಂತಾ ಅವ್ರು?"

"ಹೇಳೋ ಹಾಗಿಲ್ಲ. ನಿಯಮಾನೇ ಹಾಗಿದೆ. ನಿಮಗೆ ಅವರು ಗೊತ್ತಾಗಬಾರದು, ಅವರಿಗೆ ನೀವು ಗೊತ್ತಾಗಬಾರದು."

ಆಕೆ ಕಾಂಪೌಂಡಿನ ಮೇಲೆ ಒಣಗಲು ಹಾಕಿದ್ದ ಟವೆಲನ್ನು ತೆಗೆದು ಮಡಿಸಿದರು.

"ಬೇಡ ಬಿಡಿ," ಎಂದರು. "ಬಸ್ ಹತ್ತಿದೋರನ್ನ ನೀವು ಯಾರು ಅಂತ ಇವ್ರೇನ್ ಕೇಳ್ತಿದ್ರಾ."